ಹಳೆಯ ಮಡಚುವ ಕ್ಷೌರದ ಕತ್ತಿ ಸಂಗ್ರಹಕ್ಕೆ ಕೊಳ್ಳುವಾಗ ಏನೇನು ನೋಡಬೇಕು?

ಮೊದಲು ಅಲಗಿನ ಬುಡದಲ್ಲಿರುವ ಮುದ್ರೆ ಓದಿ. ಶೆಫೀಲ್ಡ್ ಅಂದರೆ ಇಂಗ್ಲೆಂಡಿನದು, ಸೋಲಿಂಗೆನ್ ಅಂದರೆ ಜರ್ಮನಿಯದು. ದೇಶದ ಹೆಸರೂ ಇದ್ದರೆ ಬಹುಮಟ್ಟಿಗೆ 1891ರ ನಂತರದ್ದು. ಅಮೆರಿಕಕ್ಕೆ ಹೋಗುವ ಮಾಲಿಗೆ ಆಗಿನಿಂದ ಅದು ಕಡ್ಡಾಯವಾಯಿತು. ಹೆಸರಿಲ್ಲ ಅಂತ ಸುಮ್ನೆ ಅದಕ್ಕೂ ಹಳೆಯದು ಅಂದುಕೊಳ್ಳಬೇಡಿ.

ಬೆಲೆ ನಿಂತಿರುವುದು ಅಲಗಿನ ಸ್ಥಿತಿಯ ಮೇಲೆ. ಬೆಳಕಿಗೆ ಹಿಡಿದು ನೋಡಿ, ಅಲಗಿನ ಬಾಯಲ್ಲಿ, ಅಂದರೆ ಹರಿತವಾದ ಅಂಚಿನಲ್ಲಿ, ಕೂದಲೆಳೆಯಷ್ಟು ಬಿರುಕಿದ್ದರೂ ಬೇಡ. ಬೆನ್ನಿನ ಮೇಲೆ ಅಗಲವಾದ ಚಪ್ಪಟೆ ಪಟ್ಟಿ ಕಂಡರೆ ಸಾಣೆಗೆ ಜಾಸ್ತಿ ಸವೆದಿದೆ. ಮೇಲಿನ ತುಕ್ಕು ಉಜ್ಜಿದರೆ ಹೋಗುತ್ತದೆ, ಬಾಯಿಯಂಚಿನ ಗುಳಿ ಹಾಗಲ್ಲ. ಇನ್ನು ಸೆಲ್ಯುಲಾಯ್ಡ್ (ಹಳೆಯ ಕಾಲದ ಒಂದು ಬಗೆಯ ಪ್ಲಾಸ್ಟಿಕ್) ಹಿಡಿ ಹಾಳಾಗತೊಡಗಿದರೆ ಅದರಿಂದ ಬರುವ ಆಮ್ಲದ ಆವಿ ಅಲಗನ್ನೇ ತಿನ್ನುತ್ತದೆ. ಅಂಥದ್ದನ್ನು ಬೇರೆ ಕತ್ತಿಗಳ ಜೊತೆ ಒಂದೇ ಡಬ್ಬಿಯಲ್ಲಿ ಇಡಲೇಬೇಡಿ.