ತೋಟದ ಗಾಳಿ, ಒಲೆಯ ಹೊಗೆ, ಬೀಡಿ: ಶ್ವಾಸಕೋಶದ ಕ್ಯಾನ್ಸರ್ ಬಗ್ಗೆ ಓದುಗರ ಪ್ರಶ್ನೆಗಳಿಗೆ ತಜ್ಞರ ಉತ್ತರ

ಪ್ರಶ್ನೆ: ಶ್ವಾಸಕೋಶದ ಕ್ಯಾನ್ಸರ್ ಬೆಂಗಳೂರಿನಂಥ ಪೇಟೆಗಳಲ್ಲಿ ಜಾಸ್ತಿ, ಹಳ್ಳಿಗಳಲ್ಲಿ ಕಡಿಮೆ ಎಂದು ಓದಿದೆ. ನಮ್ಮದು ಮೂಡಿಗೆರೆ ಹತ್ತಿರ ಕಾಫಿ ತೋಟ, ಸುತ್ತ ಕಾಡು, ವಾಹನಗಳ ಹೊಗೆಯೂ ಇಲ್ಲ. ಇಲ್ಲಿರುವವರು ನಿಶ್ಚಿಂತೆಯಿಂದ ಇರಬಹುದೇ?
— ಓದುಗರೊಬ್ಬರು, ಮೂಡಿಗೆರೆ ತಾಲ್ಲೂಕು

ನೀವು ಓದಿದ್ದು ಸುಳ್ಳಲ್ಲ. ಆದರೆ ಅದರಿಂದ ನಿಶ್ಚಿಂತೆ ಹುಟ್ಟುವುದಿಲ್ಲ. ಯಾಕೆ ಅಂತ ತಿಳಿಯಲು ಆ ಅಂಕಿ ಎಲ್ಲಿಂದ ಬರುತ್ತದೆ ಎಂದು ನೋಡಬೇಕು.

ದೇಶದಲ್ಲಿ ಕ್ಯಾನ್ಸರ್ ಲೆಕ್ಕ ಇಡುವುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮ. ಎಂಬತ್ತರ ದಶಕದ ಆರಂಭದಲ್ಲಿ ಶುರುವಾದಾಗಲೇ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಬೆಂಗಳೂರು ನೋಂದಣಿ ಅದರಲ್ಲಿತ್ತು. ಮೊದಲ ಗ್ರಾಮೀಣ ನೋಂದಣಿ ಬಂದದ್ದು 1987ರಲ್ಲಿ, ಮಹಾರಾಷ್ಟ್ರದ ಬಾರ್ಶಿಯಲ್ಲಿ. 2020ರ ವರದಿಗೆ ಲೆಕ್ಕ ಕೊಟ್ಟ 28 ಜನಸಂಖ್ಯಾ ಆಧಾರಿತ ನೋಂದಣಿಗಳು (ಒಂದು ಪ್ರದೇಶದ ಎಲ್ಲ ರೋಗಿಗಳ ಲೆಕ್ಕ ಹಿಡಿಯುವಂಥವು) ಸೇರಿ ದೇಶದ ಸುಮಾರು ಶೇ 10 ಜನರನ್ನಷ್ಟೇ ಒಳಗೊಂಡಿದ್ದವು. ಹಾಗಾಗಿ 'ಹಳ್ಳಿಗಳಲ್ಲಿ ಕಡಿಮೆ' ಎನ್ನುವ ಮಾತು ನಿಂತಿರುವುದು ಬಾರ್ಶಿಯಂಥ ಕೆಲವೇ ಕೆಲವು ಕಡೆಯ ಲೆಕ್ಕದ ಮೇಲೆ. ಅಲ್ಲಿ ಪ್ರಮಾಣ ನಿಜಕ್ಕೂ ತೀರಾ ಕಡಿಮೆ. ಬೆಂಗಳೂರು, ದೆಹಲಿ, ಚೆನ್ನೈಗಳಲ್ಲಿ ಗಂಡಸರಿಗೆ ಬರುವ ಕ್ಯಾನ್ಸರ್‌ಗಳ ಪೈಕಿ ಶ್ವಾಸಕೋಶದ್ದು ಮುಂಚೂಣಿಯಲ್ಲಿದೆ.

ಈಗ ಅದೇ ವರದಿಯ ಇನ್ನೊಂದು ಊರು ನೋಡಿ. ದೇಶದಲ್ಲೇ ಅತಿ ಹೆಚ್ಚು ಶ್ವಾಸಕೋಶದ ಕ್ಯಾನ್ಸರ್ ದಾಖಲಾದದ್ದು ಮಿಜೋರಾಂನ ಐಜ್ವಾಲ್‌ನಲ್ಲಿ: ವಯೋಮಾನಕ್ಕೆ ಹೊಂದಿಸಿದ ಲೆಕ್ಕದಲ್ಲಿ ಲಕ್ಷಕ್ಕೆ ಸುಮಾರು 38, ಹೆಂಗಸರಲ್ಲೂ ಹೆಚ್ಚುಕಮ್ಮಿ ಅಷ್ಟೇ. ದೊಡ್ಡ ಕಾರ್ಖಾನೆಗಳಿಲ್ಲದ, ಬೆಟ್ಟದ ಮೇಲಿನ, ಸುತ್ತ ಕಾಡಿರುವ ಊರು ಅದು. ಆದರೆ ಗಂಡು ಹೆಣ್ಣೆನ್ನದೆ ತಂಬಾಕು ಸೇದುವ ರೂಢಿ ಅಲ್ಲಿ ಬಹಳ. ಅಮೆರಿಕದಲ್ಲಂತೂ ನಮ್ಮದಕ್ಕೆ ತದ್ವಿರುದ್ಧ, ಪೇಟೆಗಿಂತ ಹಳ್ಳಿಗಾಡಿನಲ್ಲೇ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚು. ಕಾರಣ ಮತ್ತೆ ಸಿಗರೇಟೇ. ಕಾಡಿನ ಗಾಳಿ ಸೇದುವವರನ್ನು ಕಾಯುವುದಿಲ್ಲ.

ಹಾಗಾದರೆ ನಮ್ಮ ಹಳ್ಳಿಗಳಲ್ಲಿ ಅಂಕಿ ಕಡಿಮೆ ಯಾಕೆ? ಹಳ್ಳಿಯವರು ತಂಬಾಕು ಕಡಿಮೆ ಬಳಸುತ್ತಾರೆ ಎಂದೇನೂ ಅಲ್ಲ. 2016–17ರ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ದೇಶದ ಹಳ್ಳಿಗಳಲ್ಲಿ ಶೇ 32.5 ವಯಸ್ಕರು ಒಂದಲ್ಲ ಒಂದು ರೂಪದ ತಂಬಾಕು ಬಳಸುತ್ತಿದ್ದರು, ಪೇಟೆಗಳಲ್ಲಿ ಶೇ 21.2. ಆದರೆ ನಮ್ಮ ಕಡೆ ಸೇದುವವರಿಗಿಂತ ಅಗಿಯುವವರು ಹೆಚ್ಚು. ಎಲೆಅಡಿಕೆ ಜೊತೆಯ ಹೊಗೆಸೊಪ್ಪು ಮತ್ತು ಗುಟ್ಕಾ ಮುಖ್ಯವಾಗಿ ಬಾಯಿ, ಗಂಟಲು, ಅನ್ನನಾಳವನ್ನು ಕೆಡಿಸುತ್ತವೆ. ಆ ಹಾನಿ ಬೇರೆ ಕ್ಯಾನ್ಸರ್‌ಗಳ ಪಟ್ಟಿಯಲ್ಲಿ ಕಾಣಿಸುತ್ತದೆ. ಪೇಟೆಯಲ್ಲಿ ಡೀಸೆಲ್ ಹೊಗೆ ಮತ್ತು ಹೊರಗಾಳಿಯ ಮಾಲಿನ್ಯದ ಪಾಲೂ ಸೇರುತ್ತದೆ. ಇವೆರಡೂ ಕ್ಯಾನ್ಸರ್ ತರುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012 ಮತ್ತು 2013ರಲ್ಲಿ ಖಚಿತಪಡಿಸಿದೆ. ಹಾಗಾಗಿ ಪೇಟೆ–ಹಳ್ಳಿ ವ್ಯತ್ಯಾಸದಲ್ಲಿ ಒಂದಿಷ್ಟು ನಿಜವೇ.

ಉಳಿದದ್ದು ಪತ್ತೆಯಾಗದ ರೋಗ. ಎಪ್ಪತ್ತು ದಾಟಿದ ಅಜ್ಜನಿಗೆ ಕೆಮ್ಮು. ಮೊದಲು ಕಫದ ಸಿರಪ್, ಆಮೇಲೆ ದಮ್ಮಿನ ಔಷಧಿ, ಆಮೇಲೆ ಟಿಬಿ ಮಾತ್ರೆ. ಆರು ತಿಂಗಳಲ್ಲಿ ಸೊರಗಿ ತೀರಿಕೊಂಡರೆ 'ವಯಸ್ಸಾಗಿತ್ತು, ದಮ್ಮಿತ್ತು' ಎಂದು ಮುಗಿಯುತ್ತದೆ. ಸಿಟಿ ಸ್ಕ್ಯಾನ್ ಆಗಿಲ್ಲ, ಬಯಾಪ್ಸಿ ಆಗಿಲ್ಲ, ನೋಂದಣಿಯಲ್ಲಿ ಹೆಸರಿಲ್ಲ. ವಿಳಾಸದ ಗೊಂದಲವೂ ಉಂಟು. ನೋಂದಣಿ ನಿಯಮದ ಪ್ರಕಾರ ಆ ಊರಲ್ಲಿ ಕನಿಷ್ಠ ಒಂದು ವರ್ಷ ವಾಸವಿದ್ದವರನ್ನಷ್ಟೇ ಅಲ್ಲಿಯ ಲೆಕ್ಕಕ್ಕೆ ಹಿಡಿಯಬೇಕು. ಚಿಕಿತ್ಸೆಗೆಂದು ಬೆಂಗಳೂರಿನ ಮಗನ ಮನೆಗೆ ಹೋದವರು ಆಸ್ಪತ್ರೆಯಲ್ಲಿ ಮಗನ ವಿಳಾಸವನ್ನೇ ಬರೆಸಿದರೆ, ರೋಗ ತೋಟದ್ದು, ಲೆಕ್ಕ ಪೇಟೆಯದು. ದಯವಿಟ್ಟು ಊರಿನ ಖಾಯಂ ವಿಳಾಸವನ್ನೂ ಬರೆಸಿ.

ಪ್ರಶ್ನೆ: ನಮ್ಮ ಅತ್ತೆಗೆ 58 ವರ್ಷ. ಬೀಡಿ, ಸಿಗರೇಟು, ಎಲೆಅಡಿಕೆ ಯಾವುದೂ ಇಲ್ಲ. ಶ್ವಾಸಕೋಶದಲ್ಲಿ ಅಡಿನೋಕಾರ್ಸಿನೋಮ ಎಂದು ವರದಿ ಬಂದಿದೆ. ಇದು ಒಲೆಯ ಹೊಗೆಯಿಂದ ಬಂತಾ? ಹತ್ತು ವರ್ಷದಿಂದ ಮನೇಲಿ ಗ್ಯಾಸ್ ಇದೆ.
— ಓದುಗರು, ಸಕಲೇಶಪುರ

ಒಬ್ಬರ ಕಾಯಿಲೆಗೆ ಇದೇ ಕಾರಣ ಎಂದು ಬೆರಳು ಮಾಡಿ ತೋರಿಸಲು ಆಗುವುದಿಲ್ಲ. ತಂಬಾಕು ಮುಟ್ಟದ ಹೆಂಗಸರಲ್ಲಿ ಬರುವ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಾಗಿ ಅಡಿನೋಕಾರ್ಸಿನೋಮ, ಅಂದರೆ ಗ್ರಂಥಿ ಕೋಶಗಳಲ್ಲಿ ಹುಟ್ಟುವ ಬಗೆಯದು. ಈ ಹೊತ್ತಿಗೆ ಕಾರಣಕ್ಕಿಂತ ಮುಖ್ಯವಾದ ಕೆಲಸ ಇನ್ನೊಂದಿದೆ. ಬಯಾಪ್ಸಿ ತುಣುಕಿನ ಮೇಲೆ ಇಜಿಎಫ್‌ಆರ್, ಎಎಲ್‌ಕೆ, ಆರ್‌ಒಎಸ್1 ಎಂಬ ಜೀನ್‌ಗಳಲ್ಲಿನ ಬದಲಾವಣೆ ಹುಡುಕುವ ಪರೀಕ್ಷೆಗಳು ಆಗಿವೆಯೇ ಎಂದು ಕೀಮೋ ಶುರುವಾಗುವ ಮುಂಚೆ ವೈದ್ಯರನ್ನು ಕೇಳಿ. ಭಾರತದ ಅಡಿನೋಕಾರ್ಸಿನೋಮ ರೋಗಿಗಳಲ್ಲಿ ಸುಮಾರು ಕಾಲು ಭಾಗದವರಿಗೆ ಇಜಿಎಫ್‌ಆರ್ ಬದಲಾವಣೆ ಇರುತ್ತದೆ, ಸೇದದ ಹೆಂಗಸರಲ್ಲಿ ಇನ್ನೂ ಹೆಚ್ಚು. ಅದಿದ್ದರೆ ದಿನಕ್ಕೊಂದು ಮಾತ್ರೆಯ ಚಿಕಿತ್ಸೆ ಸಾಧ್ಯ. ವರದಿ ಬರಲು ಒಂದೆರಡು ವಾರ ಹಿಡಿಯಬಹುದು. ತುಣುಕು ತೀರಾ ಚಿಕ್ಕದಾದರೆ ಪರೀಕ್ಷೆಗೆ ಸಾಲುವುದಿಲ್ಲ, ಮತ್ತೆ ಬಯಾಪ್ಸಿ ಮಾಡಬೇಕಾಗುತ್ತದೆ. ಮೊದಲ ಆಸ್ಪತ್ರೆಯಿಂದ ಮೇಣದ ಬ್ಲಾಕ್ (ಬಯಾಪ್ಸಿ ತುಣುಕನ್ನು ಮೇಣದಲ್ಲಿ ಕೂರಿಸಿಟ್ಟ ಅಚ್ಚು) ಕೇಳಿ ಪಡೆಯಿರಿ. ಬರೀ ವರದಿಯ ಕಾಗದದಿಂದ ಮುಂದಿನ ಪರೀಕ್ಷೆ ಆಗುವುದಿಲ್ಲ.

ಇನ್ನು ಒಲೆಯ ವಿಷಯ. ಮನೆಯೊಳಗೆ ಕಲ್ಲಿದ್ದಲು ಉರಿಸುವುದು ಖಚಿತವಾಗಿ ಕ್ಯಾನ್ಸರ್‌ಕಾರಕ. ಕಟ್ಟಿಗೆ ಹೊಗೆಯನ್ನು 'ಬಹುಶಃ ಕ್ಯಾನ್ಸರ್‌ಕಾರಕ' ಎಂಬ ಗುಂಪಿನಲ್ಲಿ ಇಟ್ಟಿದ್ದಾರೆ. ದಮ್ಮಿನ ಕಾಯಿಲೆಗೆ ಮಾತ್ರ ಕಟ್ಟಿಗೆ ಹೊಗೆ ಕಾರಣ ಎನ್ನುವುದರಲ್ಲಿ ಅನುಮಾನವೇ ಇಲ್ಲ. ಗ್ಯಾಸ್ ಬಂದು ಹತ್ತು ವರ್ಷ ಆಯಿತು ಎನ್ನುತ್ತೀರಿ, ಬಚ್ಚಲೊಲೆ? ಮಲೆನಾಡಿನ ಎಷ್ಟೋ ಮನೆಗಳಲ್ಲಿ ಅಡುಗೆಗೆ ಸಿಲಿಂಡರ್, ಸ್ನಾನದ ಹಂಡೆಗೆ ಕಾಫಿ ಬೊಡ್ಡೆ. ಮಳೆಗಾಲದಲ್ಲಿ ಅದೂ ಹಸಿ. ಮುಂಜಾನೆ ಉರಿ ಹಚ್ಚಿ ಊದುಗೊಳವೆ ಹಿಡಿದು ಕೂರುವವರು ಮನೆಯ ಹಿರಿಯ ಹೆಂಗಸರು. ಹಳೆಯ ಮನೆಗಳಲ್ಲಿ ಬಚ್ಚಲು ಅಡುಗೆಮನೆಗೆ ಅಂಟಿಕೊಂಡೇ ಇರುವುದರಿಂದ ಹೊಗೆ ನೇರ ಒಳಗೆ.

ಸೋಲಾರ್ ಹೀಟರ್ ಹಾಕಿಸುವುದು ಒಳ್ಳೆಯದೇ, ಆದರೆ ಆಷಾಢದ ಮಳೆಯಲ್ಲಿ ಅದು ಕೈಕೊಡುತ್ತದೆ, ಒಲೆಗೆ ಮರಳುವುದು ತಪ್ಪುವುದಿಲ್ಲ. ಆದ್ದರಿಂದ ಒಲೆಯನ್ನೂ ಸರಿಮಾಡಿ. ಹೊಗೆಕೊಳವೆ ಛಾವಣಿಯಿಂದ ಕನಿಷ್ಠ ಎರಡು ಅಡಿ ಮೇಲಕ್ಕೆ ಹೋಗಿ ತಲೆಗೊಂದು ಟೋಪಿ ಇರಬೇಕು. ಗಿಡ್ಡವಾದರೆ ಗಾಳಿ ಬೀಸಿದಾಗ ಹೊಗೆ ವಾಪಸ್ ಒಳಗೇ ನುಗ್ಗುತ್ತದೆ. ತಿಂಗಳಿಗೊಮ್ಮೆ ಮಸಿ ಕೆರೆದು ತೆಗೆಯಿರಿ. ಕೊಳವೆಗೆ ಹಳೆಯ ಕಲ್ನಾರು ಪೈಪ್ ಬಳಸಬೇಡಿ. ಕಟ್ಟಿಗೆ ಸೀಳಿ, ಮಳೆ ಬೀಳದ ಕೊಟ್ಟಿಗೆಯಲ್ಲಿ ಆರು ತಿಂಗಳು ಒಣಗಿಸಿ. ಹಸಿ ಕಟ್ಟಿಗೆ ಉರಿಯುವುದಕ್ಕಿಂತ ಹೊಗೆಯಾಡುವುದೇ ಹೆಚ್ಚು. ಚೀನಾದ ಷುವಾನ್‌ವೇ ಪ್ರದೇಶದಲ್ಲಿ ಹೊಗೆ ತುಂಬಿದ ಕಲ್ಲಿದ್ದಲು ಒಲೆಗಳಿಗೆ ಬರೀ ಹೊಗೆಕೊಳವೆ ಕೂರಿಸಿದ್ದಕ್ಕೇ ಮುಂದಿನ ವರ್ಷಗಳಲ್ಲಿ ಶ್ವಾಸಕೋಶದ ಕ್ಯಾನ್ಸರ್ ಅಪಾಯ ಶೇ 40ಕ್ಕೂ ಹೆಚ್ಚು ಇಳಿದಿತ್ತು. ಅಲ್ಲಿಯದು ಕಲ್ಲಿದ್ದಲು, ನಮ್ಮದು ಕಟ್ಟಿಗೆ. ಅಷ್ಟೇ ಲಾಭ ಸಿಗುತ್ತದೆ ಎಂದು ಹೇಳಲಾಗದು. ಆದರೂ ಕೊಳವೆಗಿಂತ ಅಗ್ಗದ ಉಪಾಯ ಬೇರೆ ಕಾಣುವುದಿಲ್ಲ.

ಪ್ರಶ್ನೆ: ನಾವು ರಾಮನಾಥಪುರ ಕಡೆ ಹೊಗೆಸೊಪ್ಪು ಬೆಳೆಗಾರರು. ಎಲೆ ಮುರಿಯೋದು, ಬ್ಯಾರನ್‌ಗೆ ಬೆಂಕಿ ಹಾಕೋದು ಎಲ್ಲಾ ನಾವೇ. ಸೇದೋ ಅಭ್ಯಾಸ ಇಲ್ಲ. ನಮಗೂ ಕ್ಯಾನ್ಸರ್ ಬರುತ್ತಾ?
— ರೈತರು, ಅರಕಲಗೂಡು ತಾಲ್ಲೂಕು

ಎಲೆ ಮುಟ್ಟಿದ್ದರಿಂದ ಶ್ವಾಸಕೋಶದ ಕ್ಯಾನ್ಸರ್ ಬರುವುದಿಲ್ಲ. ಇಬ್ಬನಿ ಬಿದ್ದ ಹಸಿ ಎಲೆಯಿಂದ ನಿಕೋಟಿನ್ ಚರ್ಮದ ಮೂಲಕ ಒಳಗಿಳಿದು ತಲೆಸುತ್ತು, ವಾಂತಿ ಆಗುತ್ತದೆ. ಅದು ಬೇರೆ ತೊಂದರೆ. ಇಬ್ಬನಿ ಆರಿದ ಮೇಲೆ ಮುರಿಯಿರಿ, ಕೈಗವಸು ಮತ್ತು ತುಂಬು ತೋಳಿನ ಅಂಗಿ ಹಾಕಿ, ನೆನೆದ ಬಟ್ಟೆ ಬದಲಿಸಿ. ಸೊಪ್ಪು ಹದಮಾಡುವ ಮನೆಯಾದ ಬ್ಯಾರನ್‌ನಲ್ಲಿ ಹೊಗೆ ಕೊಳವೆಯೊಳಗೇ ಹರಿದು ಹೊರಹೋಗಬೇಕು. ತುಕ್ಕು ಹಿಡಿದು ಜೋಡಣೆ ಬಿಟ್ಟಿದ್ದರೆ ಒಳಗೆಲ್ಲ ಹೊಗೆ ಮತ್ತು ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಸೊಪ್ಪು ಹಾಕುವ ಮುಂಚೆ ಸಂದುಗಳನ್ನು ಮುಚ್ಚಿಸಿ, ರಾತ್ರಿ ಬೆಂಕಿ ಕಾಯುವವರು ಒಲೆಬಾಯಿಯ ಎದುರೇ ಮಲಗುವುದನ್ನು ಬಿಡಿ.

ಪ್ರಶ್ನೆ: ನಮ್ಮೂರಲ್ಲಿ ಎರಡು ಸಾವಿರ ಜನ. ಮೂರು ವರ್ಷದಲ್ಲಿ ಇಬ್ಬರಿಗೆ ಶ್ವಾಸಕೋಶದ ಕ್ಯಾನ್ಸರ್. ತೋಟಕ್ಕೆ ಹೊಡೆಯುವ ಔಷಧಿಯಿಂದ ಅಂತ ಎಲ್ಲರೂ ಹೇಳುತ್ತಿದ್ದಾರೆ.
— ಗ್ರಾಮ ಪಂಚಾಯಿತಿ ಸದಸ್ಯರು, ತರೀಕೆರೆ ತಾಲ್ಲೂಕು

ಲೆಕ್ಕ ಹಾಕೋಣ. 2022ರಲ್ಲಿ ದೇಶದಲ್ಲಿ ಸುಮಾರು 81 ಸಾವಿರ ಹೊಸ ಶ್ವಾಸಕೋಶದ ಕ್ಯಾನ್ಸರ್ ಎಂಬ ಅಂದಾಜಿದೆ, ಅಂದರೆ ಲಕ್ಷಕ್ಕೆ ಆರರ ಹತ್ತಿರ. ಎರಡು ಸಾವಿರ ಜನರ ಊರಿಗೆ ಮೂರು ವರ್ಷಕ್ಕೆ 0.35. ಇಬ್ಬರು ಎಂದರೆ ಅದರ ಆರು ಪಟ್ಟು ಎನ್ನಿಸುತ್ತದೆ. ಆದರೆ ಇಂಥದೇ ನೂರು ಊರು ತೆಗೆದುಕೊಂಡರೆ, ಯಾವ ವಿಷವೂ ಇಲ್ಲದೆ ಬರೀ ಆಕಸ್ಮಿಕವಾಗಿಯೇ ಸುಮಾರು ಐದು ಊರುಗಳಲ್ಲಿ ತಲಾ ಇಬ್ಬರೋ ಹೆಚ್ಚೋ ರೋಗಿಗಳು ಸಿಗುತ್ತಾರೆ. ಜೊತೆಗೆ ದುಡಿಯುವ ಹುಡುಗರೆಲ್ಲ ಬೆಂಗಳೂರು ಸೇರಿ ಊರಲ್ಲಿ ವಯಸ್ಸಾದವರೇ ಉಳಿದಿದ್ದರೆ, ನಿರೀಕ್ಷೆಯ ಸಂಖ್ಯೆಯೇ ಮೇಲೇರುತ್ತದೆ.

ಹಾಗಂತ ಕೈಬಿಡಬೇಡಿ. ಆ ಇಬ್ಬರ ವಯಸ್ಸು, ಸೇದುವ ಅಭ್ಯಾಸ, ಹಿಂದಿನ 30 ವರ್ಷದ ಕೆಲಸ ಬರೆದಿಡಿ. ಇಬ್ಬರೂ ಐವತ್ತರೊಳಗಿನವರು, ಸೇದದವರು, ಒಂದೇ ಕ್ವಾರಿಯಲ್ಲೋ ಜಲ್ಲಿ ಕ್ರಷರ್‌ನಲ್ಲೋ ದುಡಿದವರು ಎಂದಾದರೆ ತಾಲ್ಲೂಕು ಆರೋಗ್ಯಾಧಿಕಾರಿಗೆ ಲಿಖಿತವಾಗಿ ಕೊಡಿ. ಕಲ್ಲಿನ ಸಿಲಿಕಾ ದೂಳು ಖಚಿತ ಕ್ಯಾನ್ಸರ್‌ಕಾರಕ. ತೋಟದ ಕಾರ್ಮಿಕರ ಲೈನ್ ಮನೆಗಳ ಕಲ್ನಾರು ಶೀಟುಗಳೂ ಗಮನದಲ್ಲಿರಲಿ. ಶೀಟು ಗಟ್ಟಿಯಾಗಿ ಇದ್ದಲ್ಲೇ ಇದ್ದರೆ ಅಪಾಯ ತೀರಾ ಕಡಿಮೆ. ಒಣಗಿದ ಶೀಟನ್ನು ಕೊಯ್ದಾಗ, ತೂತು ಹಾಕಿದಾಗ, ಒಡೆದು ಎಸೆದಾಗ ನಾರು ಗಾಳಿಗೆ ಸೇರುತ್ತದೆ. ತೆಗೆಯುವುದಿದ್ದರೆ ನೀರು ಚಿಮುಕಿಸಿ, ಇಡಿಯಾಗಿ ಇಳಿಸಿ. ಔಷಧಿ ಹೊಡೆಯುವಾಗ ಮುಖಗವಸು ಬೇಕೇ ಬೇಕು, ಅದು ಬೇರೆ ವಿಷಬಾಧೆಗಳಿಗಾಗಿ.

ಪ್ರಶ್ನೆ: ನಮ್ಮಪ್ಪನಿಗೆ 62. ದಿನಕ್ಕೊಂದು ಕಟ್ಟು ಬೀಡಿ, 35 ವರ್ಷದಿಂದ. ಎಕ್ಸ್‌ರೇ ನೋಡಿ ಟಿಬಿ ಅಂತ ಮಾತ್ರೆ ಕೊಟ್ಟರು. ಎರಡು ತಿಂಗಳಾಯ್ತು, ಕೆಮ್ಮು ಹಾಗೇ ಇದೆ, ಧ್ವನಿ ಒಡೆದಿದೆ, ತೂಕ ಇಳೀತಿದೆ.
— ಓದುಗರು, ಅರಸೀಕೆರೆ

ಕಾಯಬೇಡಿ. ಕಟ್ಟಿನಲ್ಲಿ 25 ಬೀಡಿ ಎಂದರೆ 25 × 35 = 875. ಈ ಸಂಖ್ಯೆ 300 ದಾಟಿದರೇ ವಿಪರೀತ ಸೇವನೆ ಎನ್ನುತ್ತೇವೆ. ಬೀಡಿ ಎಲೆ ಸುಲಭಕ್ಕೆ ಉರಿಯದ ಕಾರಣ ಆರದಂತೆ ಮತ್ತೆ ಮತ್ತೆ ಎಳೆಯಬೇಕು. ಸಿಗರೇಟಿಗಿಂತ ಚಿಕ್ಕದು ಎಂಬ ಸಮಾಧಾನಕ್ಕೆ ಅರ್ಥವಿಲ್ಲ. ಒಡೆದ ಧ್ವನಿ ಮೂರು ವಾರ ಮೀರಿದರೆ ಎದೆಯೊಳಗಿನ ಗಡ್ಡೆ ಧ್ವನಿಯ ನರವನ್ನು ಒತ್ತುತ್ತಿರಬಹುದು.

ಮೊದಲು ಕೇಳಬೇಕಾದ್ದು: ಕಫದಲ್ಲಿ ಟಿಬಿ ರೋಗಾಣು ಸಿಕ್ಕಿದೆಯೇ? ಅದನ್ನು ಹುಡುಕುವ ಸಿಬಿನ್ಯಾಟ್ ಪರೀಕ್ಷೆ ಸರ್ಕಾರಿ ವ್ಯವಸ್ಥೆಯಲ್ಲಿ ಉಚಿತ. ರೋಗಾಣು ಸಿಗದೆ ಎಕ್ಸ್‌ರೇ ನೆರಳು ನೋಡಿಯೇ ಮಾತ್ರೆ ಶುರುವಾಗಿದ್ದರೆ, ಎರಡು ತಿಂಗಳಾದರೂ ಗುಣ ಕಾಣದಿದ್ದ ಮೇಲೆ ಎದೆಯ ಸಿಟಿ ಸ್ಕ್ಯಾನ್ ಆಗಲೇಬೇಕು. ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ವೈದ್ಯರು ಹೇಳಲಿ. ಟಿಬಿ, ಕ್ಯಾನ್ಸರ್ ಎರಡೂ ಒಟ್ಟಿಗೆ ಇರುವುದುಂಟು. ಹಾಸನದ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಶ್ವಾಸಕೋಶ ವಿಭಾಗಕ್ಕೆ ಹೋಗಿ. ಬಣ್ಣದ ಔಷಧಿ ಕೊಟ್ಟು ಮಾಡುವ ಸ್ಕ್ಯಾನ್ ಆದ್ದರಿಂದ ಮುಂಚೆ ಮೂತ್ರಪಿಂಡದ ಸ್ಥಿತಿ ತಿಳಿಯಲು ರಕ್ತದ ಕ್ರಿಯಾಟಿನಿನ್ ನೋಡುತ್ತಾರೆ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ. ಹಳೆಯ ಎಕ್ಸ್‌ರೇ ಫಿಲ್ಮುಗಳನ್ನೆಲ್ಲ ಒಯ್ಯಿರಿ. ಎರಡು ವರ್ಷದ ಹಿಂದೆ ಇಲ್ಲದ ನೆರಳು ಈಗ ಇದೆ ಎಂದು ಗೊತ್ತಾಗುವುದು ಅವುಗಳಿಂದಲೇ.

ಗಡ್ಡೆ ಕಂಡರೆ ಬಯಾಪ್ಸಿ. 'ಸೂಜಿ ಚುಚ್ಚಿದರೆ ರೋಗ ಹರಡುತ್ತದೆ' ಎಂಬ ಮಾತಿಗೆ ಹೆದರಿ ವಾಪಸ್ ಬರುವವರು ಬಹಳ. ಬಯಾಪ್ಸಿ ಇಲ್ಲದೆ ಯಾವ ಕ್ಯಾನ್ಸರ್ ಆಸ್ಪತ್ರೆಯೂ ಸರಿಯಾದ ಚಿಕಿತ್ಸೆ ಶುರುಮಾಡಲಾರದು. ಕಿದ್ವಾಯಿಗೋ ಬೇರೆಡೆಗೋ ಕಳಿಸಿದರೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಗೆ ಆಧಾರ್, ರೇಷನ್ ಕಾರ್ಡ್ ಮತ್ತು ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಇಟ್ಟುಕೊಳ್ಳಿ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30, ಗರಿಷ್ಠ 1.5 ಲಕ್ಷ. ಪತ್ರ ಇಲ್ಲದೆ ಬೆಂಗಳೂರಿಗೆ ಹೋಗಿ, ಅದಕ್ಕಾಗಿಯೇ ಮತ್ತೆ ಊರಿಗೆ ಓಡಿಬರುವ ಪಾಡು ಬೇಡ.

ಪ್ರಶ್ನೆ: ವರ್ಷಕ್ಕೊಂದು ಎಕ್ಸ್‌ರೇ ತೆಗೆಸಿದರೆ ಸಾಕೇ?
— ಓದುಗರು, ಚಿಕ್ಕಮಗಳೂರು ನಗರ

ಸಾಲದು. ಕ್ಯಾನ್ಸರ್ ಇರುವ ಐವರಲ್ಲಿ ಸುಮಾರು ಒಬ್ಬರ ಎಕ್ಸ್‌ರೇ ಸಹಜವಾಗಿಯೇ ಕಾಣುತ್ತದೆ. ಸಾವು ತಗ್ಗಿಸಿದ್ದು ಕಡಿಮೆ ವಿಕಿರಣದ ಸಿಟಿ ಸ್ಕ್ಯಾನ್. 2011ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನದಲ್ಲಿ ಶ್ವಾಸಕೋಶದ ಕ್ಯಾನ್ಸರ್ ಸಾವು ಶೇ 20 ಇಳಿಯಿತು. ಅಲ್ಲಿ ಅದನ್ನು ಹೇಳುವುದು 50ರಿಂದ 80 ವರ್ಷದ, ದಿನಕ್ಕೆ 20 ಸಿಗರೇಟಿನಂತೆ 20 ವರ್ಷಕ್ಕೆ ಸಮನಾಗಿ ಸೇದಿದ, ಈಗಲೂ ಸೇದುವ ಅಥವಾ ಬಿಟ್ಟು 15 ವರ್ಷ ಆಗದವರಿಗೆ. ನಮ್ಮಲ್ಲಿ ಹಳೆಯ ಟಿಬಿಯ ಕಲೆಗಳು ಗಡ್ಡೆಯಂತೆ ಕಂಡು ಅನಗತ್ಯ ಬಯಾಪ್ಸಿಗೆ ಎಳೆಯುತ್ತವೆ. ಹಾಗಾಗಿ ಸೇದದವರಿಗೆ ಇದು ಬೇಡ. ವಿಪರೀತ ಸೇದಿದವರು ಶ್ವಾಸಕೋಶ ತಜ್ಞರೊಂದಿಗೆ ಮಾತಾಡಿ ತೀರ್ಮಾನಿಸಿ. ಬೀಡಿ, ಸಿಗರೇಟು ಬಿಡಲು ಸಹಾಯ ಬೇಕಾದವರಿಗೆ ರಾಷ್ಟ್ರೀಯ ಕ್ವಿಟ್‌ಲೈನ್ 1800-11-2356, ಕರೆ ಉಚಿತ. ಬಿಟ್ಟು ಹತ್ತು ವರ್ಷವಾದರೆ, ಸೇದುತ್ತಲೇ ಇರುವವರಿಗೆ ಹೋಲಿಸಿದಾಗ ಅಪಾಯ ಸುಮಾರು ಅರ್ಧಕ್ಕೆ ಇಳಿಯುತ್ತದೆ.