ಚಿತ್ರದ ಮುಂದೆ ನಿಂತೆ, ಏನೂ ಆಗಲಿಲ್ಲ!

ಈ ಸಲವೂ ಅದೇ ಪ್ರಶ್ನೆಗಳು. ಊರು ಬೇರೆ, ಮಾತು ಬೇರೆ, ಕೇಳುವುದು ಮಾತ್ರ ಒಂದೇ. ಒಟ್ಟಿಗೇ ಉತ್ತರ ಕೊಡುತ್ತೇನೆ. ಮತ್ತೆ ಕೇಳಬೇಡಿ.

ಪ್ರಶ್ನೆ: ಸರ್, ನಾನು ಆಯಿಲ್ ಪೇಂಟಿಂಗ್ ಮಾಡುತ್ತೇನೆ. ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್‌ಮ್ಯೂಸಿಯಂ ಅನ್ನು ಎರಡು ಗಂಟೆಯಲ್ಲಿ ಪೂರ್ತಿ ನೋಡಿ ಬಂದೆ. ಸ್ಫೂರ್ತಿ ಅಂತ ಏನೂ ಬರಲಿಲ್ಲ. ನನ್ನಲ್ಲಿ ಪ್ರತಿಭೆ ಇಲ್ಲವಾ?

ಉತ್ತರ: ಪ್ರತಿಭೆಯ ಮಾತು ಬಿಡಿ. ಎರಡು ಗಂಟೆಯಲ್ಲಿ ನೀವು ನೋಡಿದ್ದು ಗೋಡೆಗಳನ್ನು.

1885ರ ಅಕ್ಟೋಬರ್‌ನಲ್ಲಿ ಚಿತ್ರಕಾರ ವ್ಯಾನ್‌ಗೋ ಅಲ್ಲಿಗೆ ಹೋಗಿದ್ದ. ಆ ಕಟ್ಟಡ ತೆರೆದು ಆಗಿನ್ನೂ ಕೆಲವೇ ತಿಂಗಳು. ಹಳೆಯ ಡಚ್ ಚಿತ್ರಕಾರ ರೆಂಬ್ರಾಂಟನ 'ಯಹೂದಿ ವಧು' ಚಿತ್ರದ ಮುಂದೆ ಕೂತವನು ಏಳಲೇ ಇಲ್ಲ. ಜೊತೆಗೆ ಬಂದಿದ್ದ ಗೆಳೆಯ ಉಳಿದದ್ದನ್ನೆಲ್ಲ ನೋಡಿ ವಾಪಸ್ ಬಂದರೂ ಅಲ್ಲೇ ಇದ್ದ. ಒಣ ಬ್ರೆಡ್ ತಿಂದುಕೊಂಡು ಹದಿನಾಲ್ಕು ದಿನ ಇದರ ಮುಂದೆ ಕೂರಲು ಬಿಟ್ಟರೆ ಆಯಸ್ಸಿನಲ್ಲಿ ಹತ್ತು ವರ್ಷ ಕೊಟ್ಟುಬಿಡುತ್ತೇನೆ ಅಂದನಂತೆ.

ಇನ್‌ಸ್ಟಾಗ್ರಾಂನಲ್ಲಿ ಕಥೆ ಇಲ್ಲಿಗೇ ಮುಗಿಯುತ್ತದೆ. ನನಗೆ ಸಿಟ್ಟು ಬರುವುದೂ ಇಲ್ಲೇ. ಊರಿಗೆ ಮರಳಿದವನು ತಮ್ಮ ತಿಯೋಗೆ ಬರೆದ ಪತ್ರಗಳನ್ನು ಓದಿ. ಕಸುಬಿನ ಮಾತೇ ಜಾಸ್ತಿ. ಹಳೆಯ ಡಚ್ಚರು ಬೇಗ ಬೇಗ ಬಿಡಿಸುತ್ತಿದ್ದರು, ಹಚ್ಚಿದ್ದನ್ನು ಮತ್ತೆ ಮತ್ತೆ ತಿದ್ದುತ್ತಿರಲಿಲ್ಲ ಎನ್ನುತ್ತಾನೆ. ಅವರಲ್ಲೊಬ್ಬನಾದ ಫ್ರಾನ್ಸ್ ಹಾಲ್ಸ್‌ನ ಚಿತ್ರಗಳಲ್ಲಿ 27 ಬಗೆಯ ಕಪ್ಪುಗಳಿವೆ ಎನ್ನುತ್ತಾನೆ. ಅದೇ ತಿಂಗಳು ತೆರೆದ ಬೈಬಲ್ಲಿನ ಚಿತ್ರವೊಂದನ್ನು ಒಂದೇ ದಿನದಲ್ಲಿ, ಒಂದೇ ಪಟ್ಟಿನಲ್ಲಿ ಮುಗಿಸಿದ. ಹಿನ್ನೆಲೆ ಯಾವ ಬಣ್ಣ ಗೊತ್ತಾ? ಕಪ್ಪು.

ಅವನು ಸುಮ್ನೆ ಸುತ್ತಾಡಲು ಹೋದವನಲ್ಲ. ಆ ವರ್ಷವೇ 'ಆಲೂಗಡ್ಡೆ ತಿನ್ನುವವರು' ಮಾಡಿ ಬೈಸಿಕೊಂಡಿದ್ದ. ತಲೆಯಲ್ಲಿ ಬಗೆಹರಿಯದ ತೊಡಕುಗಳಿದ್ದವು. ನೀವೂ ಒಂದು ತೊಡಕು ಹೊತ್ತುಕೊಂಡು ಹೋಗಿ. ನಿಮ್ಮ ಕ್ಯಾನ್ವಾಸಿನಲ್ಲಿ ಬಟ್ಟೆ ಸಪ್ಪೆಯಾಗಿ ಕಾಣುತ್ತಿದೆಯಾ? ಹಾಗಾದರೆ 'ಯಹೂದಿ ವಧು' ಚಿತ್ರದಲ್ಲಿ ಗಂಡಿನ ಅಂಗಿಯ ತೋಳನ್ನು ಮಾತ್ರ ನೋಡಿ. ಹಳದಿ ಬಣ್ಣ ದಪ್ಪ ದಪ್ಪ ಎದ್ದು ನಿಂತಿದೆ, ಕೋಣೆಯ ಬೆಳಕನ್ನೇ ಹಿಡಿಯುತ್ತದೆ. ಎದುರಿನಿಂದ ನೋಡಿ, ಪಕ್ಕಕ್ಕೆ ಸರಿದು ನೋಡಿ. ಫೋನಿನ ಪರದೆಯಲ್ಲಿ ಈ ಉಬ್ಬು ಕಾಣುವುದಿಲ್ಲ. ಫೋನ್ ಜೇಬಿಗೆ ಹಾಕಿ, ಪೆನ್ಸಿಲ್ ತೆಗೆಯಿರಿ. ಹಾಗೆ ಕೂತರೂ ಮೈ ಜುಮ್ ಅನ್ನದಿರಬಹುದು. ಅನ್ನದಿದ್ದರೆ ಬೇಡ. ಮನೆಗೆ ಬಂದು ಬಟ್ಟೆಯನ್ನು ಮತ್ತೆ ಬಿಡಿಸಿ.

ಪ್ರಶ್ನೆ: ಮಹಾನ್ ಚಿತ್ರಗಳ ಮುಂದೆ ಧ್ಯಾನ ಮಾಡಿಸಿ ಒಳಗಿನ ಕಲಾವಿದನನ್ನು ಎಬ್ಬಿಸುವ ವೀಕೆಂಡ್ ಶಿಬಿರಕ್ಕೆ ಸೇರಲಾ?

ಉತ್ತರ: ತೋರಿಸುವುದು ಪ್ರೊಜೆಕ್ಟರ್‌ನಲ್ಲಿ, ಎಬ್ಬಿಸುವುದು ನಿಮ್ಮ ಪರ್ಸನ್ನು. ಆ ದುಡ್ಡಿಗೆ ಬಣ್ಣ ತನ್ನಿ.

ಪ್ರಶ್ನೆ: ದೊಡ್ಡವರ ಚಿತ್ರ ನಕಲು ಮಾಡಿದರೆ ಸ್ವಂತಿಕೆ ಹಾಳಾಗುತ್ತದಾ?

ಉತ್ತರ: 1957ರಲ್ಲಿ ಪಿಕಾಸೊ, ಸ್ಪೇನಿನ ಹಳೆಯ ಚಿತ್ರಕಾರ ವೆಲಾಸ್ಕೆಸ್‌ನ 'ಲಾಸ್ ಮೆನಿನಾಸ್' ಚಿತ್ರವನ್ನು ಹಿಡಿದು ಕೂತು ತನ್ನದೇ ರೀತಿಯಲ್ಲಿ ಮತ್ತೆ ಮತ್ತೆ ಬಿಡಿಸಿದ. ಆ ಸರಣಿಯಲ್ಲಿ 58 ಚಿತ್ರಗಳಿವೆ. ಅವನ ಸ್ವಂತಿಕೆಗೆ ಏನಾಯಿತು ಅಂತ ನೀವೇ ಹೇಳಿ.

ಪ್ರಶ್ನೆ: ಯುರೋಪಿಗೆ ಹೋಗಲಾಗದ ನಮ್ಮಂಥವರು?

ಉತ್ತರ: ಮೈಸೂರಿಗೆ ಹೋಗಬಹುದು ಅಲ್ವಾ? ಜಗನ್ಮೋಹನ ಅರಮನೆಯಲ್ಲಿ ರವಿವರ್ಮನ ಮೂಲ ಚಿತ್ರಗಳೇ ಇವೆ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ರಷ್ಯಾ ಮೂಲದ ಚಿತ್ರಕಾರ ರೋರಿಕ್ ಅವರ ಸಂಗ್ರಹವಿದೆ. ಅಂದಹಾಗೆ, ಜಗನ್ಮೋಹನದಲ್ಲಿರುವ ದೀಪದ ಹೆಂಗಸಿನ ಚಿತ್ರ ರವಿವರ್ಮನದಲ್ಲ, ಎಸ್.ಎಲ್. ಹಲ್ದಣ್‌ಕರ್ ಅವರದು. ಅದೂ ಜಲವರ್ಣ. ದೀಪದ ಬೆಳಕು ನಿಜವೆನಿಸಿತು ಅಂತ, ಹಿಂದೆ ಬಲ್ಬ್ ಇಟ್ಟಿದ್ದಾರಾ ಎಂದು ಅಲ್ಲಿಯ ಕಾವಲಿನವರನ್ನು ಕೇಳಬೇಡಿ.