ನಾಲಗೆಗೆ ಮಾಫಿ, ಕಾಗದಕ್ಕೆ ಇಲ್ಲ

ನೀವು ಕೇಳಿದ್ದು ಇದು: "ನನ್ನ ಹೆಸರನ್ನು ಯಾರೂ ಸರಿಯಾಗಿ ಹೇಳುವುದಿಲ್ಲ, ಬರೆಯುವುದೂ ಇಲ್ಲ. ಪ್ರತಿ ಸಲ ತಿದ್ದಬೇಕಾ, ಸುಮ್ಮನಿರಬೇಕಾ? ಬೇಜಾರಾಗಿ ಹೆಸರನ್ನೇ ಬದಲಾಯಿಸಿಬಿಡೋಣ ಅನಿಸುತ್ತಿದೆ."

ನನ್ನ ಹೆಸರು ದೇಯಿ. ದೇವಿ ಅಲ್ಲ. ಉಡುಪಿಯ ಸರ್ವಿಸ್ ಬಸ್ ಸ್ಟ್ಯಾಂಡ್ ಹತ್ತಿರ ನನ್ನದೊಂದು ಸಣ್ಣ ಅಂಗಡಿ ಉಂಟು. ಜೆರಾಕ್ಸ್, ಡಿಟಿಪಿ, ಆನ್‌ಲೈನ್ ಅರ್ಜಿ ಇಂಥದ್ದೆಲ್ಲ ಮಾಡಿಕೊಡುತ್ತೇನೆ. ಹಾಗಾಗಿ ನನ್ನ ಹೆಸರಿನ ಪಾಡು ಸಾಲದು ಅಂತ ಊರವರ ಹೆಸರಿನ ಪಾಡನ್ನೂ ದಿನಾ ನೋಡುತ್ತೇನೆ. ನೇರವಾಗಿ ಹೇಳುವುದಾದರೆ, ಬಾಯಲ್ಲಿ ತಪ್ಪಾದರೆ ಬಿಟ್ಟುಬಿಡಿ. ಕಾಗದದಲ್ಲಿ ತಪ್ಪಾದರೆ ಒಂದು ಅಕ್ಷರವನ್ನೂ ಬಿಡಬೇಡಿ.

ತುಳುನಾಡಿನವರಿಗೆ ದೇಯಿ ಹೊಸ ಹೆಸರೇನಲ್ಲ. ಇಲ್ಲಿಯ ಅವಳಿ ವೀರರಾದ ಕೋಟಿ ಚೆನ್ನಯರ ತಾಯಿ ದೇಯಿ ಬೈದೆತಿ. ಪಡುಮಲೆ ಬಲ್ಲಾಳರ ಕಾಲಿನ ಗಾಯಕ್ಕೆ ಮದ್ದು ಮಾಡಿ ಗುಣಪಡಿಸಿದವಳು ಎಂದು ಪಾಡ್ದನದಲ್ಲಿ, ಅಂದರೆ ತುಳುವಿನ ಜನಪದ ಕಥೆಹಾಡಿನಲ್ಲಿ, ಬರುತ್ತದೆ. ನಮ್ಮ ಅಜ್ಜಿಗೂ ಅದೇ ಹೆಸರಿತ್ತು, ಅದನ್ನೇ ನನಗಿಟ್ಟರು. ಕೋಟಿ ಚೆನ್ನಯರ ಗುಡಿ, ಅಂದರೆ ಗರಡಿ, ಇರುವ ಊರಿನಲ್ಲಿ ಯಾರೂ ಎರಡನೇ ಸಲ ಕೇಳುವುದಿಲ್ಲ. ಆಗುಂಬೆ ಘಾಟಿ ಹತ್ತಿದ ಮೇಲೆ ನಾನು ದೇವಿ. ಮುಂಬೈಯ ನೆಂಟರ ಬಿಲ್ಡಿಂಗಿನಲ್ಲಿ ಡೇಯಿ. ಲೋನ್ ಬೇಕಾ ಎಂದು ಫೋನ್ ಮಾಡುವ ಹುಡುಗಿಯರಿಗೆ ಡೇ ಮೇಡಂ.

ಇದಕ್ಕೆಲ್ಲ ನನಗೆ ಸಿಟ್ಟು ಬರುವುದಿಲ್ಲ. ನಾಲಗೆ ಹೊರಳದಿದ್ದರೆ ಯಾರು ಏನು ಮಾಡುವುದು? ನಮ್ಮ ಕಡೆ ಊರಿಗೇ ಹತ್ತು ಹೆಸರು. ಮಂಗಳೂರು ತುಳುವಿನಲ್ಲಿ ಕುಡ್ಲ, ಕೊಂಕಣಿಯಲ್ಲಿ ಕೊಡಿಯಾಲ್, ಕರಾವಳಿಯ ಮುಸ್ಲಿಮರಾದ ಬ್ಯಾರಿಗಳಿಗೆ ಮೈಕಾಲ. ಉಡುಪಿ ತುಳುವಿನಲ್ಲಿ ಒಡಿಪು. ಹೊರಗಿನ ಊರುಗಳ ಹೋಟೆಲ್ ಬೋರ್ಡಿನಲ್ಲಿ ಉಡಿಪಿ. 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲೂ ಮಂಗಳೂರು ಅಂತಲೇ ಬರೆಯಬೇಕು ಎಂದಾಯಿತು. ಆದರೂ ಅರ್ಧ ಜನ ಮ್ಯಾಂಗಲೋರ್ ಎನ್ನುವುದನ್ನು ಬಿಟ್ಟಿಲ್ಲ. ಅದಕ್ಕೆ ಯಾರೂ ಜಗಳ ಮಾಡುವುದಿಲ್ಲ, ಅಲ್ವಾ?

ಕೆಲವರು ಮಾತ್ರ ಬೇರೆ. ಅವರು ನಮ್ಮ ಹೆಸರನ್ನು ತಪ್ಪಾಗಿ ಹೇಳುವುದಿಲ್ಲ, ಸರಿ ಮಾಡಿಕೊಡುತ್ತಾರೆ! ನಾನು ಜಾಗ್ರತೆ ಮಾಡುವುದು ಇವರ ವಿಷಯದಲ್ಲಿ.

ನಾನು ಕಲಿತ ಹೈಸ್ಕೂಲಿನ ಆಫೀಸಿನಲ್ಲಿ ಅಂಥವರೊಬ್ಬರಿದ್ದರು. ಹತ್ತನೇ ಕ್ಲಾಸಿನ ಪಟ್ಟಿ ಮಾಡುವಾಗ "ದೇಯಿ ಅಂತ ಹೆಸರು ಉಂಟಾ? ದೇವಿ ಇರಬೇಕು, ಬರೆದವರಿಗೆ ಗೊತ್ತಾಗಿಲ್ಲ" ಎಂದು ವೈ ತೆಗೆದು ವಿ ಹಾಕಿದರು. ಕೆಟ್ಟದು ಮಾಡಬೇಕು ಅಂತ ಅಲ್ಲ. ಪಾಪ, ಉಪಕಾರ ಅಂದುಕೊಂಡೇ ಮಾಡಿದ್ದು. ಮಾರ್ಕ್ಸ್ ಕಾರ್ಡ್ ಬಂದಾಗ ಅದರಲ್ಲಿ ಇದ್ದವಳು ದೇವಿ. ಮುಖ್ಯೋಪಾಧ್ಯಾಯರ ಮೂಲಕ ಬೋರ್ಡಿಗೆ ಅರ್ಜಿ ಹೋಗಿ, ಜನನ ಪ್ರಮಾಣಪತ್ರದ ಪ್ರತಿ ಹೋಗಿ, ತಿದ್ದಿದ ಕಾರ್ಡ್ ಬರುವಷ್ಟರಲ್ಲಿ ಅಪ್ಪನ ಚಪ್ಪಲಿ ಸವೆದಿತ್ತು. ಗೊತ್ತಿಲ್ಲದವರು ನಮ್ಮನ್ನು ಕೇಳುತ್ತಾರೆ. ಗೊತ್ತಿದೆ ಅಂದುಕೊಂಡವರು ಕೇಳುವುದೇ ಇಲ್ಲ.

ಈಗ ಆ ಕೆಲಸವನ್ನು ಕಂಪ್ಯೂಟರ್ ಕೂಡ ಕಲಿತುಕೊಂಡಿದೆ. ಫೋನಿನ ಕನ್ನಡ ಕೀಬೋರ್ಡಿನಲ್ಲಿ ನನ್ನ ಹೆಸರು ಹೊಡೆದರೆ ದೇವಿ ಬೇಕಾ ಎಂದು ಮೇಲೆ ತೋರಿಸುತ್ತದೆ. ಆಧಾರ್ ಅರ್ಜಿಯಲ್ಲಿ ಹೆಸರನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಕನ್ನಡದ್ದು ತಾನಾಗಿಯೇ ಬಂದು ಕೂರುತ್ತದೆ. ಡಿ ಅಂದರೆ ದ ಹೌದಾ, ಡ ಹೌದಾ? ಎಲ್ ಅಂದರೆ ಲ ಹೌದಾ, ಳ ಹೌದಾ? ಅದಕ್ಕೆ ಹೇಗೆ ಗೊತ್ತಾಗಬೇಕು! ಹಾಗೆ ಆಳ್ವರು ಆಲ್ವ ಆಗುತ್ತಾರೆ, ಬಲ್ಲಾಳರು ಬಲ್ಲಾಲ್ ಆಗುತ್ತಾರೆ. ಶರತ್‌ಗೆ ನಾವು ಇಂಗ್ಲಿಷಿನಲ್ಲಿ ಕೊನೆಗೆ ಟಿ, ಹೆಚ್ ಹಾಕುತ್ತೇವೆ. ಉತ್ತರದವರು ಅದನ್ನು ಶರಥ್ ಎಂದು ಓದುತ್ತಾರೆ. ಇಂಗ್ಲಿಷ್ ಸರಿ ಇದೆ ಅಂತ ಎಲ್ಲರೂ ಸಹಿ ಹಾಕುತ್ತಾರೆ, ಕನ್ನಡದ ಸಾಲನ್ನು ನೋಡುವವರು ಕಡಿಮೆ. ಅಲ್ಲಿ ಕೂತವರಿಗೆ "ಒಮ್ಮೆ ಸ್ಕ್ರೀನ್ ತೋರಿಸಿ ಅಣ್ಣ" ಎನ್ನಲು ನಾಚಿಕೆ ಬೇಡ. ಎರಡೂ ಸಾಲು ಓದಿ, ಆಮೇಲೆ ಮುಂದೆ ಹೋಗಿ. ಆಧಾರ್‌ನಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ ಸಿಗುವುದು 2 ಅವಕಾಶ ಮಾತ್ರ.

ಅಂಗಡಿಗೆ ಬರುವವರಲ್ಲಿ ನನಗೆ ಜಾಸ್ತಿ ಕೆಲಸ ಕೊಡುವವರು ಬೀಡಿ ಕಟ್ಟುವ ಅಮ್ಮಂದಿರು. ಇವರಿಗೆ ಪಿಎಫ್ ಉಂಟು. ಆ ಹಣ ಕೈಗೆ ಬರಬೇಕಾದರೆ ಪಿಎಫ್ ಖಾತೆಯ ಹೆಸರಿಗೂ ಆಧಾರ್ ಹೆಸರಿಗೂ ತಾಳೆ ಆಗಬೇಕು. ಅಲ್ಲೇ ಇರುವುದು ಗಮ್ಮತ್ತು. ಬೀಡಿ ಬ್ರಾಂಚಿಗೆ ಸೇರುವಾಗ ಹೆಸರು ಕೇಳಿದರೆ ಮನೆಯಲ್ಲಿ ಕರೆಯುವ ಹೆಸರು ಹೇಳಿರುತ್ತಾರೆ. ಶಾಲೆಗೆ ಸೇರಿಸುವಾಗ ಮಾಸ್ಟ್ರು ತಮಗೆ ಚಂದ ಕಂಡ ಇನ್ನೊಂದು ಹೆಸರು ಬರೆದಿರುತ್ತಾರೆ. ಎರಡು ಹೆಸರೂ ಅದರ ಪಾಡಿಗೆ ಅವು ಬೆಳೆದಿರುತ್ತವೆ. ಒಬ್ಬರು ಅಮ್ಮ ಪ್ಲಾಸ್ಟಿಕ್ ತೊಟ್ಟೆಯಿಂದ ಒಂದೊಂದೇ ಕಾಗದ ತೆಗೆದು ಮೇಜಿನ ಮೇಲೆ ಹರಡಿದರು. ಪಾಸ್‌ಬುಕ್ಕಿನಲ್ಲಿ ಅಪ್ಪಿ. ರೇಷನ್ ಕಾರ್ಡಿನಲ್ಲಿ ಅಪ್ಪಿ ಪೂಜಾರ್ತಿ. ಆಧಾರ್‌ನಲ್ಲಿ ಗಿರಿಜಾ. ನಾನು ಗಿರಿಜಾ ಅಂತ ಓದಿದ ಕೂಡಲೇ ಅವರು ನನ್ನ ಮುಖ ನೋಡಿದರು. "ಹುಟ್ಟಿದಾಗಿಂದ ನನ್ನನ್ನು ಅಪ್ಪಿ ಅಂತಲೇ ಕರೆದದ್ದು ಮಗಾ, ಈ ಗಿರಿಜಾ ಯಾರು?" ಜೊತೆಗೆ ಬಂದ ಸೊಸೆ ನಕ್ಕು ನಕ್ಕು ಬೆಂಚಿನ ಮೇಲೆ ಕೂತೇಬಿಟ್ಟಳು. ನಗು ಮುಗಿದ ಮೇಲೆ ಕೆಲಸ ಇತ್ತು. ಇಬ್ಬರೂ ಒಬ್ಬರೇ ಎಂದು ಸ್ಟಾಂಪ್ ಪೇಪರಿನಲ್ಲಿ ಟೈಪ್ ಮಾಡಿ ನೋಟರಿಯವರ ಹತ್ತಿರ ಅಫಿಡವಿಟ್. ಪಿಎಫ್ ತಿದ್ದಲು ಕೆಲಸ ಮಾಡುವವರೂ ಕೆಲಸ ಕೊಟ್ಟವರೂ ಸೇರಿ ಮಾಡಬೇಕಾದ ಜಾಯಿಂಟ್ ಡಿಕ್ಲರೇಶನ್. ಆ ವಯಸ್ಸಿನಲ್ಲಿ ಅವರನ್ನು ಅಷ್ಟು ಓಡಾಡಿಸುವುದು ನೋಡಿದರೆ ಹೊಟ್ಟೆ ಉರಿಯುತ್ತದೆ.

ಆ ಪೂಜಾರ್ತಿ ಕೂಡ ತಪ್ಪಲ್ಲ, ಗೊತ್ತಿರಲಿ. ನಮ್ಮ ಕಡೆ ಹಳೆಯ ದಾಖಲೆಗಳಲ್ಲಿ ಪೂಜಾರಿಗಳ ಮನೆಯ ಹೆಂಗಸರು ಪೂಜಾರ್ತಿ, ಶೆಟ್ಟಿಗಳ ಮನೆಯವರು ಶೆಡ್ತಿ. ಘಟ್ಟದ ಮೇಲಿನಿಂದ ಹೊಸದಾಗಿ ಬಂದ ಯಾವುದೋ ಗುಮಾಸ್ತರು ಶೆಡ್ತಿ ನೋಡಿದರೆ ಸ್ಪೆಲ್ಲಿಂಗ್ ಮಿಸ್ಟೇಕ್ ಅಂದುಕೊಳ್ಳುತ್ತಾರೆ. ಶೆಟ್ಟಿ ಎಂದು ತಿದ್ದುತ್ತಾರೆ. ಜಾಗದ ಕಾಗದದಲ್ಲಿ ಶೆಡ್ತಿ, ಬ್ಯಾಂಕಿನಲ್ಲಿ ಶೆಟ್ಟಿ. 2023ರಲ್ಲಿ ಗೃಹಲಕ್ಷ್ಮಿ ಶುರುವಾದಾಗ ರೇಷನ್ ಕಾರ್ಡ್, ಆಧಾರ್, ಬ್ಯಾಂಕ್ ಮೂರೂ ಒಟ್ಟಿಗೆ ನೋಡುವ ಹಾಗಾಯಿತಲ್ಲ, ಆಗ ಎಷ್ಟೋ ಮನೆಯವರಿಗೆ ತಮ್ಮ ಹೆಸರು ಎಷ್ಟು ಥರ ಉಂಟು ಎನ್ನುವುದು ಮೊದಲ ಸಲ ಗೊತ್ತಾದದ್ದು.

ಪೂಜಾರಿ ಎನ್ನುವುದನ್ನೇ ತೆಗೆದುಕೊಳ್ಳಿ. ಇಂಗ್ಲಿಷಿನಲ್ಲಿ ಎರಡು ಓ ಹಾಕಿ ಕೊನೆಗೆ ವೈ ಹಾಕುವವರಿದ್ದಾರೆ, ಐ ಹಾಕುವವರಿದ್ದಾರೆ, ಎರಡು ಓ ಬದಲು ಯು ಹಾಕುವವರಿದ್ದಾರೆ. ಒಂದೇ ಮನೆಯ ಅಣ್ಣತಮ್ಮಂದಿರ ಪಾಸ್‌ಪೋರ್ಟಿನಲ್ಲಿ ಮೂರೂ ಸಿಗುತ್ತದೆ. ಕ್ರಿಶ್ಚಿಯನ್ನರ ಡಿಸೋಜದಲ್ಲಿ ಆ ಮೇಲಿನ ಕೊಂಬಿನಂಥ ಚಿಹ್ನೆ ಎಷ್ಟೋ ಆನ್‌ಲೈನ್ ಅರ್ಜಿಗಳಿಗೆ ಆಗುವುದೇ ಇಲ್ಲ, ಕೆಂಪು ಅಕ್ಷರದಲ್ಲಿ ತಪ್ಪು ಎಂದು ತೋರಿಸುತ್ತದೆ. ಕೆಲವರು ಸೇರಿಸಿ ಬರೆಯುತ್ತಾರೆ, ಕೆಲವರು ಡಿ ಆದ ಮೇಲೆ ಜಾಗ ಬಿಟ್ಟು ಬರೆಯುತ್ತಾರೆ. ಬ್ಯಾರಿಗಳಲ್ಲಿ ಮೊಹಮ್ಮದ್‌ಗೆ ಎಷ್ಟು ಸ್ಪೆಲ್ಲಿಂಗ್ ಉಂಟೆಂದು ಕೇಳಲೇಬೇಡಿ. ಇದರಲ್ಲಿ ಯಾವುದು ಸರಿ ಅಂತ ನನ್ನನ್ನು ಕೇಳಿದರೆ, ನಿಮ್ಮ ಮಾರ್ಕ್ಸ್ ಕಾರ್ಡಿನಲ್ಲಿ ಯಾವುದುಂಟೋ ಅದೇ ಸರಿ ಎನ್ನುತ್ತೇನೆ. ವ್ಯಾಕರಣ ನೋಡಲು ಹೋಗಬೇಡಿ.

ಗಲ್ಫಿಗೆ ಹೋಗುವವರಿಗೆ ಇನ್ನೊಂದು ಮಾತು. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಬಿಡಬೇಡಿ. 2022ರ ನವೆಂಬರಿನಲ್ಲಿ ಯುಎಇಯವರು ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರನ್ನು ವಿಸಿಟ್ ವೀಸಾದಲ್ಲಿ ಒಳಗೆ ಬಿಡುವುದಿಲ್ಲ ಎಂದರು. ಬರೀ ದೇಯಿ ಅಂತಿದ್ದರೆ ನನ್ನಂಥವಳು ದುಬೈಯಲ್ಲಿರುವ ತಮ್ಮನ ಮನೆಗೆ ಹೋಗುವುದು ಕಷ್ಟವೇ.

ಇನ್ನು ಬಾಯಿ ಮಾತಿನ ವಿಷಯ. ಎಲ್ಲರನ್ನೂ ತಿದ್ದಲು ಹೋದರೆ ನಮಗೇ ಸುಸ್ತು. ನಾನು ನೋಡುವುದು ಒಂದೇ: ಈ ಜನ ನಾಳೆಯೂ ಸಿಗುತ್ತಾರಾ? ಆಟೋದವರು, ಕೊರಿಯರ್ ಹುಡುಗ, ಲೋನಿನ ಹುಡುಗಿ ಏನು ಬೇಕಾದರೂ ಕರೆಯಲಿ. ಆಫೀಸಿನಲ್ಲಿ ಒಟ್ಟಿಗೆ ಕೂರುವವರು, ಮದುವೆಯಾಗಿ ಹೋದ ಮನೆಯವರು, ಮಕ್ಕಳ ಟೀಚರ್, ಇವರಿಗೆ ಮೊದಲ ದಿನವೇ ಹೇಳಿಬಿಡಿ. ನಗುತ್ತಾ ಹೇಳಿ, ಆದರೆ ಹೇಳಿ. ವರ್ಷ ಕಳೆದ ಮೇಲೆ ತಿದ್ದಿದರೆ ಅವರಿಗೆ ಮುಜುಗರ, "ಇಷ್ಟು ದಿನ ಯಾಕೆ ಹೇಳಲಿಲ್ಲ ಮಾರಾಯ್ತಿ" ಎಂದು ನಮಗೇ ಬೈಯುತ್ತಾರೆ. ಅದೂ ನ್ಯಾಯವೇ.

ಹೇಳುವುದಕ್ಕಿಂತ ಬರೆದು ತೋರಿಸುವುದು ಒಳ್ಳೆಯದು, ಅದೂ ಕನ್ನಡದಲ್ಲಿ. ಪಿಯುಸಿಯಲ್ಲಿ ನಮಗೆ ವಿಜಯಪುರ ಕಡೆಯ ಲೆಕ್ಚರರ್ ಒಬ್ಬರಿದ್ದರು. ಮೊದಲ ದಿನ ಹಾಜರಿ ಕರೆಯುವಾಗ ನನ್ನ ಹೆಸರು ಬಂದಲ್ಲಿ ನಿಲ್ಲಿಸಿದರು. "ಇದನ್ನ ನಿಮ್ಮ ಮನ್ಯಾಗ ಹೆಂಗ ಕರೀತಾರವಾ?" ಎಂದು ಕೇಳಿದರು. ನಾನು ಹೇಳಿದೆ. ಅವರು ಹಾಜರಿ ಪುಸ್ತಕದಲ್ಲಿ ಇಂಗ್ಲಿಷ್ ಹೆಸರಿನ ಪಕ್ಕ ಪೆನ್ಸಿಲಿನಿಂದ ಸಣ್ಣದಾಗಿ ಕನ್ನಡದಲ್ಲಿ ಬರೆದುಕೊಂಡರು. ಆ ವರ್ಷ ಪೂರ್ತಿ ಒಂದು ದಿನವೂ ತಪ್ಪಲಿಲ್ಲ. ಅವರ ತರಗತಿಯಲ್ಲಿ ಕೊಂಕಣಿಯವರ, ಬ್ಯಾರಿಗಳ, ಮಲಯಾಳಿಗಳ ಹೆಸರುಗಳೂ ಇದ್ದವು. ಎಲ್ಲದರ ಪಕ್ಕದಲ್ಲೂ ಪೆನ್ಸಿಲ್ ಗುರುತು. ಮನಸ್ಸಿದ್ದರೆ ಇದೇನು ದೊಡ್ಡ ಕೆಲಸ ಅಲ್ಲ ಅಂತ ನನಗೆ ಗೊತ್ತಾದದ್ದು ಅವರಿಂದ. ಅದಕ್ಕೇ, "ನನಗೆ ಇಂಥ ಹೆಸರೆಲ್ಲ ಬಾಯಿಗೆ ಬರುವುದಿಲ್ಲಪ್ಪ" ಎಂದು ಪ್ರಯತ್ನವನ್ನೇ ಮಾಡದೆ ನಗುವವರ ಮೇಲೆ ನನಗೆ ಸ್ವಲ್ಪ ಅಸಡ್ಡೆ ಉಂಟು.

ಫೋನಿನಲ್ಲಿ ಸ್ಪೆಲ್ಲಿಂಗ್ ಹೇಳುವಾಗ ಬರೀ ಅಕ್ಷರ ಹೇಳಬೇಡಿ. ನಾನು "ವೈ" ಅಂದರೆ ಆ ಕಡೆಯವರಿಗೆ ವ ಕೇಳಿಸುತ್ತದೆ, ವಿ ಬರೆಯುತ್ತಾರೆ. ಅಲ್ಲಿಗೆ ನಾನು ಮತ್ತೆ ದೇವಿ! ಈಗ ನಾನು "ಯೆಲ್ಲೋ ವೈ" ಎನ್ನುತ್ತೇನೆ. ಕನ್ನಡದವರಾದರೆ "ದೇವರ ದೇ, ಯಕ್ಷಗಾನದ ಯಕಾರಕ್ಕೆ ಗುಡಿಸು". ನಿಮ್ಮ ಹೆಸರಿನಲ್ಲೂ ಎಡವುವ ಅಕ್ಷರ ಒಂದೇ ಇರುತ್ತದೆ, ಹುಡುಕಿ ನೋಡಿ. ಅದೊಂದನ್ನು ಒತ್ತಿ ಹೇಳಿದರೆ ಉಳಿದದ್ದು ತಾನೇ ಸರಿಯಾಗುತ್ತದೆ.

ಹೆಸರು ಬದಲಾಯಿಸುವ ಯೋಚನೆ ಬಗ್ಗೆ. ನಿಮಗೆ ಆ ಹೆಸರೇ ಇಷ್ಟವಿಲ್ಲ ಅಂತಾದರೆ ಮಾಡಿ, ಅದು ನಿಮ್ಮ ಹಕ್ಕು. ಅಫಿಡವಿಟ್, ಪೇಪರಿನಲ್ಲಿ ಜಾಹೀರಾತು, ಗೆಜೆಟ್ ಪ್ರಕಟಣೆ ಇಷ್ಟು ಆಗಬೇಕು. ಆಮೇಲೆ ಆಧಾರ್, ಪ್ಯಾನ್, ಬ್ಯಾಂಕ್, ಪಾಸ್‌ಪೋರ್ಟ್, ವೋಟರ್ ಐಡಿ, ಎಲ್‌ಐಸಿ ಒಂದೊಂದಕ್ಕೂ ಪ್ರತ್ಯೇಕ ಅರ್ಜಿ. ಆದರೆ ಬೇರೆಯವರ ಬಾಯಿಗೆ ಸುಲಭವಾಗಲಿ ಎನ್ನುವ ಒಂದೇ ಕಾರಣಕ್ಕೆ ಬೇಡ ಎನ್ನುವುದು ನನ್ನ ಅಭಿಪ್ರಾಯ. ಲತಾ ಎನ್ನುವಷ್ಟು ಸುಲಭದ ಹೆಸರನ್ನೂ ಹೆಚ್ ಇರುವ ಲತಾ, ಇಲ್ಲದ ಲತಾ ಎಂದು ಎರಡು ಮಾಡಿ ಕಾಡಿಸುವ ಜನ ಇವರು.

ಮನೆಯಲ್ಲಿ ಸಣ್ಣ ಮಗು ಇದ್ದರೆ ಇನ್ನೂ ಒಂದು ಕೆಲಸ ಮಾಡಿ. ಆಸ್ಪತ್ರೆಯಲ್ಲಿ ಹೆಸರಿಡದೆ ಬಂದಿದ್ದರೆ ಜನನ ಪ್ರಮಾಣಪತ್ರದಲ್ಲಿ ಹೆಸರಿನ ಜಾಗ ಖಾಲಿ ಇರುತ್ತದೆ. 12 ತಿಂಗಳ ಒಳಗೆ ಹೆಸರು ಸೇರಿಸಿದರೆ ಫೀಸಿಲ್ಲ, ಆಮೇಲೆ 15 ವರ್ಷದವರೆಗೆ ಫೀಸು ಕೊಟ್ಟು ಸೇರಿಸಬಹುದು. 2023ರ ಅಕ್ಟೋಬರ್ 1ರ ನಂತರ ಹುಟ್ಟಿದವರಿಗಂತೂ ಶಾಲೆ, ಪಾಸ್‌ಪೋರ್ಟ್ ಎಲ್ಲದಕ್ಕೂ ಹುಟ್ಟಿದ ದಿನದ ಪುರಾವೆ ಅದೇ ಕಾಗದ. ಹೆಸರು ಸೇರಿಸಲು ಹೋಗುವಾಗ ಕನ್ನಡದಲ್ಲಿ ಹೇಗೆ, ಇಂಗ್ಲಿಷಿನಲ್ಲಿ ಹೇಗೆ ಎಂದು ಚೀಟಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದುಕೊಂಡು ಹೋಗಿ. ಬಾಯಲ್ಲಿ ಹೇಳಿ ಬರಬೇಡಿ.

ನಿಮ್ಮ ವಿಷಯಕ್ಕೆ ಬಂದರೆ, ಈ ಭಾನುವಾರ ಪುರುಸೊತ್ತು ಮಾಡಿಕೊಂಡು ನಿಮ್ಮ ಎಲ್ಲ ಕಾಗದ ನೆಲದ ಮೇಲೆ ಹರಡಿ. ಮಾರ್ಕ್ಸ್ ಕಾರ್ಡಿಗೆ ಯಾವುದು ತಾಳೆ ಆಗುವುದಿಲ್ಲವೋ ಅದನ್ನು ಬೇರೆ ಇಡಿ. ಮಾರ್ಕ್ಸ್ ಕಾರ್ಡೇ ತಪ್ಪಿದ್ದರೆ ಮೊದಲು ಅದು. ಆಮೇಲೆ ಆಧಾರ್, ಅದರ ನಂತರ ಪ್ಯಾನ್. ಬ್ಯಾಂಕಿನವರು ಆಧಾರ್ ಸರಿಯಾದ ಮೇಲೆ ಜಾಸ್ತಿ ಕೇಳುವುದಿಲ್ಲ.